ಕೈಗೂಸಿನ ಜೊತೆ ಚೆನ್ನೈ ಕಾನ್ಸುಲೇಟಿಗೆ: ಮೊಬೈಲು, ಚೀಲ ಎಲ್ಲಿಡುವುದು?

ಮೊದಲೇ ಹೇಳಿಬಿಡುತ್ತೇನೆ. ಕೈಗೂಸನ್ನು ಎತ್ತಿಕೊಂಡು ಚೆನ್ನೈನ ಅಮೆರಿಕನ್ ಕಾನ್ಸುಲೇಟಿಗೆ ವೀಸಾ ಸಂದರ್ಶನಕ್ಕೆ ಹೋಗುವವರಿಗೆ ನಾನು ಹೇಳುವುದು ಒಂದೇ ದಾರಿ: ಕಾನ್ಸುಲೇಟ್ ಇರುವ ಜೆಮಿನಿ ಮೇಲ್ಸೇತುವೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಒಂದು ಸಾಧಾರಣ ಹೋಟೆಲ್ ರೂಮು, ರೂಮಿನಲ್ಲಿ ಸಾಮಾನಿನ ಜೊತೆ ಮನೆಯವರೊಬ್ಬರು. ಬೀದಿ ಬದಿಯ ಅಂಗಡಿ, ಬಾಡಿಗೆ ಕಾರಿನ ಡಿಕ್ಕಿ, ಸೆಂಟ್ರಲ್ ಸ್ಟೇಷನ್ನಿನ ಕ್ಲೋಕ್ ರೂಮ್ ಇವು ಮೂರೂ ಒಬ್ಬರೇ ಹೋಗುವ ವಿದ್ಯಾರ್ಥಿಗಳಿಗೆ ಸಾಕು. ಮಗು ಕಂಕುಳಲ್ಲಿದ್ದರೆ ಮೂರೂ ಒಂದಲ್ಲ ಒಂದು ಕಡೆ ಕೈಕೊಡುತ್ತವೆ.

ಈ ಪೇಚಾಟ ಮುಂಚೆ ಇಷ್ಟಿರಲಿಲ್ಲ. 14 ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಸಂದರ್ಶನದಿಂದ ವಿನಾಯಿತಿ ಇತ್ತು. 2025ರ ಸೆಪ್ಟೆಂಬರ್ 2ರಿಂದ ಆ ವಿನಾಯಿತಿ ಹೋಯಿತು; ಈಗ ಹಾಲು ಕುಡಿಯುವ ಕೂಸಾದರೂ ಕೌಂಟರಿನ ಮುಂದೆ ಹೋಗಬೇಕು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆಯಾಯಿತೇನೋ ನಿಜ, ಆದರೆ ಅದು ವೀಸಾ ಸೇವೆಯಿಲ್ಲದೆ ತೆರೆದ ಕಚೇರಿ. ಹಾಗಾಗಿ ನಮ್ಮವರು ಚೆನ್ನೈ ಇಲ್ಲವೇ ಹೈದರಾಬಾದ್ ದಾರಿ ಹಿಡಿಯುವುದು ಇನ್ನೂ ತಪ್ಪಿಲ್ಲ. ಗಂಡ ಅಮೆರಿಕದಲ್ಲಿ, ಹೆಂಡತಿ ಮಗು ಇಲ್ಲಿ ಎನ್ನುವ ಮನೆಗಳಲ್ಲಿ ತಾಯಿ ಒಬ್ಬಳೇ ಕೂಸಿನ ಜೊತೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಈ ಹೋಲಿಕೆ ಮುಖ್ಯವಾಗಿ ಅಂಥವರಿಗೆ.

ಕಾನ್ಸುಲೇಟಿನಲ್ಲಿ ಸಾಮಾನು ಇಟ್ಟುಕೊಳ್ಳುವ ವ್ಯವಸ್ಥೆ ಇಲ್ಲ. ಮೊಬೈಲು, ಲ್ಯಾಪ್‌ಟಾಪು, ಸ್ಮಾರ್ಟ್ ವಾಚು, ಬೆನ್ನಿನ ಚೀಲ, ಬಟ್ಟೆಯ ಚೀಲ, ಜಿಪ್ ಇರುವ ಫೋಲ್ಡರು, ತಿಂಡಿ, ಸೌಂದರ್ಯವರ್ಧಕ, ಬೆಂಕಿಪೊಟ್ಟಣ, ಚೂಪಾದ ವಸ್ತು ಯಾವುದೂ ಒಳಗೆ ಹೋಗುವಂತಿಲ್ಲ. ಕಾಗದಪತ್ರಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಹೋಗಬೇಕು. ಇದು ಎಲ್ಲರಿಗೂ ಗೊತ್ತಿರುವ ಪಟ್ಟಿ. ಗೊತ್ತಾಗದೆ ಸಿಕ್ಕಿಬೀಳುವುದು ಮಗುವಿನ ಚೀಲದಲ್ಲಿ. ಹಾಡುವ ಗಿಲಕಿಯಲ್ಲಿ ಸೆಲ್ ಇರುತ್ತದೆ, ಅದೂ ಬ್ಯಾಟರಿಯ ವಸ್ತುವೇ. ಡಿಜಿಟಲ್ ಥರ್ಮಾಮೀಟರ್ ಹಾಗೆಯೇ. ದೃಷ್ಟಿಬೊಟ್ಟಿನ ಕಾಡಿಗೆ ಡಬ್ಬಿ, ಪೌಡರು ಎರಡೂ ಸೌಂದರ್ಯವರ್ಧಕದ ಲೆಕ್ಕಕ್ಕೆ ಬರುತ್ತವೆ. ಉಗುರು ಕತ್ತರಿ, ಸೇಫ್ಟಿ ಪಿನ್ನು ಚೂಪಿನ ಲೆಕ್ಕಕ್ಕೆ. ಅಜ್ಜಿ ಹಿಂದಿನ ರಾತ್ರಿ ಪ್ರೀತಿಯಿಂದ ತುಂಬಿಕೊಟ್ಟ ಚೀಲದ ಮುಕ್ಕಾಲು ಭಾಗ ಬಾಗಿಲಲ್ಲೇ ವಾಪಸು. ಸ್ಟ್ರೋಲರನ್ನು ನಂಬಿಕೊಂಡು ಹೋಗಲೇಬೇಡಿ. ಬಟ್ಟೆಯ ಜೋಳಿಗೆಯೋ ಎದೆಗೆ ಕಟ್ಟುವ ಕ್ಯಾರಿಯರೋ ಸಾಕು.

ಬೀದಿ ಬದಿಯ ವ್ಯವಸ್ಥೆಯನ್ನು ಬೇಗ ಮುಗಿಸುತ್ತೇನೆ. ಸಾಲಿನ ಹತ್ತಿರ ಸುಳಿದಾಡುತ್ತಾ 'ಮೊಬೈಲ್, ಬ್ಯಾಗ್ ಇಡ್ತೀರಾ' ಎಂದು ಕೇಳುವವರು, ಆಸುಪಾಸಿನ ಸಣ್ಣ ಅಂಗಡಿಗಳವರು ಕಾಸು ತೆಗೆದುಕೊಂಡು ಇಟ್ಟುಕೊಳ್ಳುತ್ತಾರೆ. ದರ ಬಾಯಿಮಾತಿನದು, ಮೊಬೈಲಿಗೊಂದು, ಚೀಲಕ್ಕೊಂದು, ದೊಡ್ಡ ಚೀಲಕ್ಕೆ ಇನ್ನೊಂದು. ಬಹುಪಾಲು ಜನ ನಿಯತ್ತಿನವರೇ. ಆದರೆ ರಸೀದಿ ಎಂದರೆ ಒಂದು ತುಂಡು ಕಾಗದದ ಮೇಲಿನ ನಂಬರು, ಇಡುವ ಜಾಗವೆಂದರೆ ಒಂದು ಪ್ಲಾಸ್ಟಿಕ್ ಬುಟ್ಟಿ. ಒಂದೇ ಬಣ್ಣದ ಎರಡು ಫೋನುಗಳಿದ್ದರೆ ಅದಲುಬದಲಾಗುವುದು ಅವರ ದುರಾಸೆಯಿಂದಲ್ಲ, ಗಡಿಬಿಡಿಯಿಂದ. ಅಲ್ಲೇ ಇಡಬೇಕಾದ ಪರಿಸ್ಥಿತಿ ಬಂದರೆ ಫೋನು ಪೂರ್ತಿ ಆಫ್ ಮಾಡಿ, ಸಿಮ್‌ಗೂ ಪಿನ್ ಹಾಕಿ, ಕವರಿನ ಹಿಂದೆ ಹೆಸರಿನ ಚೀಟಿ ಅಂಟಿಸಿ. ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆಂದು ಕೇಳಿ. ಹಾಲಿನ ಬಾಟಲಿ, ಬದಲಿ ಬಟ್ಟೆ ಇರುವ ಚೀಲವನ್ನು ಮಾತ್ರ ಅಲ್ಲಿ ಬಿಡಬೇಡಿ. ಬಿಸಿಲಲ್ಲಿ ಕೂತ ಹಾಲು ಚೆನ್ನೈ ಸೆಕೆಗೆ ಬಹಳ ಹೊತ್ತು ಬಾಳುವುದಿಲ್ಲ.

ಬಾಡಿಗೆ ಕಾರಿನ ಮಾತು ಬೇರೆ. ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದು, ಎಲ್ಲವನ್ನೂ ಕಾರಿನಲ್ಲೇ ಬಿಟ್ಟು, ಕವರು ಮಗು ಎರಡನ್ನೇ ಹಿಡಿದು ಇಳಿಯುವುದು ಕಾಗದದ ಮೇಲೆ ಬಹಳ ಚಂದದ ಯೋಜನೆ. ಎಸಿ ಇದೆ, ಫ್ಲಾಸ್ಕಿನಲ್ಲಿ ಬಿಸಿನೀರಿದೆ, ಹಿಂದಿನ ಸೀಟಿನಲ್ಲಿ ಡೈಪರು ಬದಲಿಸಬಹುದು. ತೊಂದರೆ ಶುರುವಾಗುವುದು ನೀವು ಹೊರಗೆ ಬಂದ ಮೇಲೆ. ನಿಮ್ಮ ಫೋನು ಕಾರಿನಲ್ಲಿದೆ. ಕಾರು ಎಲ್ಲಿದೆಯೆಂದು ತಿಳಿಯಲು ಫೋನು ಬೇಕು.

ಈ ಒಂದು ಗಂಟನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಜನ ಎಡವುವುದೇ ಇಲ್ಲಿ. ಅಣ್ಣಾ ಸಾಲೈಗೆ ಕೆಥೀಡ್ರಲ್ ರಸ್ತೆ ಸೇರುವ ಆ ಮೂಲೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯಲು ಬಿಡುವುದಿಲ್ಲ. ಡ್ರೈವರ್ ನಿಮ್ಮನ್ನು ಇಳಿಸಿ ಮುಂದಕ್ಕೆ ಹೋಗಲೇಬೇಕು, ಎಲ್ಲೋ ಒಂದು ಅಡ್ಡರಸ್ತೆಯಲ್ಲಿ ನಿಲ್ಲಿಸಿ ಕಣ್ಣು ಮುಚ್ಚುತ್ತಾನೆ. ಒಳಗೆ ನಿಮಗೆ ಒಂದು ಗಂಟೆ ಹಿಡಿಯುತ್ತದೋ ಮೂರು ಗಂಟೆಯೋ ಅವನಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಹೊರಬಂದವರು ಬೇರೆಯವರ ಫೋನು ಬೇಡಿ ಪಡೆದರೂ ಡ್ರೈವರ್ ನಂಬರ್ ಬಾಯಿಪಾಠ ಇರುವುದಿಲ್ಲ. ಗಂಡನ ನಂಬರ್ ನೆನಪಿದ್ದರೂ ಅವರು ಅಮೆರಿಕದಲ್ಲಿ. ಅಪರಿಚಿತರ ಫೋನಿನಿಂದ ಐಎಸ್‌ಡಿ ಮಾಡಲಾಗುವುದಿಲ್ಲ. ಆ್ಯಪ್ ಮೂಲಕ ತೆಗೆದುಕೊಂಡ ಕಾರಾದರೆ ಡ್ರೈವರ್‌ನ ನಿಜವಾದ ನಂಬರ್ ನಿಮ್ಮ ಬಳಿ ಇರುವುದೂ ಇಲ್ಲ, ಏಕೆಂದರೆ ಆ್ಯಪ್ ತೋರಿಸುವುದು ಮರೆಮಾಚಿದ ನಂಬರ್. ಇಷ್ಟೂ ಹೊತ್ತು ಹಸಿದ ಮಗು ಹೆಗಲ ಮೇಲೆ, ಹಾಲು ಕಾರಿನಲ್ಲಿ.

ಕಾರೇ ಬೇಕೆಂದರೆ ಹೀಗೆ ಮಾಡಿ. ಡ್ರೈವರ್ ನಂಬರ್, ಗಾಡಿ ನಂಬರ್ ಎರಡನ್ನೂ ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನ ಕವರಿನಲ್ಲಲ್ಲ, ಬ್ಲೌಸಿನ ಅಥವಾ ಕುರ್ತಾದ ಜೇಬಿನಲ್ಲಿಡಿ. ಕವರಿನ ಕಾಗದ ಕೌಂಟರಿನಲ್ಲಿ ಉಳಿದುಬಿಡಬಹುದು. ಇಳಿಯುವ ಮುಂಚೆಯೇ ಮತ್ತೆ ಸೇರುವ ಜಾಗ ಒಂದನ್ನು ನೋಡಿಟ್ಟುಕೊಳ್ಳಿ. 'ಇಳಿಸಿದಲ್ಲೇ' ಎನ್ನಬೇಡಿ, ಅಲ್ಲಿ ಗಾಡಿ ನಿಲ್ಲದು. ಡ್ರೈವರ್ ಗಾಡಿ ನಿಲ್ಲಿಸಿ ಕಾಯಬಲ್ಲ ಹೋಟೆಲ್ ಪೋರ್ಟಿಕೋ, ಪೆಟ್ರೋಲ್ ಬಂಕ್ ಅಥವಾ ಮೆಟ್ರೊ ಸ್ಟೇಷನ್ನಿನ ಬಾಗಿಲು ಸರಿ. ಸಾಲಿಗೆ ಸೇರಿದ ಒಂದೂವರೆ ಗಂಟೆಯ ಮೇಲೆ ಅವನೇ ಬಂದು ಅಲ್ಲಿ ಕಾಯಬೇಕು ಎಂದು ಮಾತಾಗಿರಲಿ. ಸ್ವಂತ ಕಾರಿನಲ್ಲಿ ಬರುವವರಿಗೆ ಇನ್ನೊಂದು ತೊಡಕು: ರಿಮೋಟ್ ಕೀಲಿಯೂ ಎಲೆಕ್ಟ್ರಾನಿಕ್ ವಸ್ತು, ಕಾವಲಿನವರು ಬೇಡವೆನ್ನಬಹುದು. ಓಡಿಸಿದವರೇ ಅರ್ಜಿದಾರರಾದರೆ ಕೀಲಿ ಇಡಲು ಮತ್ತೆ ಬೀದಿ ಬದಿಯ ಬುಟ್ಟಿಯೇ ಗತಿ.

ಹಣದ್ದೂ ಇದೇ ಕಥೆ. ಫೋನಿಲ್ಲ ಎಂದರೆ ಯುಪಿಐ ಇಲ್ಲ. ಆಟೊ ಹಿಡಿಯಲು, ನೀರು ಕೊಳ್ಳಲು 500ರ ಒಂದು ನೋಟು, ಜೊತೆಗೆ ಹತ್ತು-ಇಪ್ಪತ್ತರ ಚಿಲ್ಲರೆ ಜೇಬಿನಲ್ಲಿರಲಿ. ನಗದು ಇಟ್ಟುಕೊಳ್ಳುವ ಅಭ್ಯಾಸ ಬಿಟ್ಟವರಿಗೆ ಇದು ಕೊನೇ ಗಳಿಗೆಯಲ್ಲಿ ನೆನಪಾಗುತ್ತದೆ.

ಕ್ಲೋಕ್ ರೂಮ್ ಎನ್ನುವುದು ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲೋ ಬೆಂಗಳೂರಿನಿಂದ ಹೊರಡುವ ಚೆನ್ನೈ ಮೇಲ್‌ನಲ್ಲೋ ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆ ಸೆಂಟ್ರಲ್‌ನಲ್ಲಿ ಇಳಿಯುವವರ ಮೊದಲ ಯೋಚನೆ. ಇರುವುದರಲ್ಲೇ ಅಗ್ಗ, ಅಧಿಕೃತ ರಸೀದಿಯೂ ಸಿಗುತ್ತದೆ. ಆದರೆ ರೈಲ್ವೆಯ ನಿಯಮ ಗೊತ್ತಿರಲಿ: ಪ್ರಯಾಣದ ಟಿಕೆಟ್ ತೋರಿಸಬೇಕು, ಚೀಲಕ್ಕೆ ಬೀಗ ಹಾಕಿರಬೇಕು, ಕೆಡುವ ಆಹಾರ ಇರಬಾರದು. ಮಗುವಿನ ಚೀಲಗಳಿಗೆ ಬೀಗ ಹಾಕುವ ಜಿಪ್ಪೇ ಇರುವುದಿಲ್ಲ, ಅರ್ಧ ಚೀಲ ಆಹಾರವೇ ಇರುತ್ತದೆ. ರಸೀದಿ ಕಳೆದುಹೋದರೆ ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಳ್ಳುವ ಗೋಳು. ಇನ್ನು ಫೋನನ್ನು ಅಲ್ಲಿ ಬಿಟ್ಟರೆ ಜೆಮಿನಿವರೆಗಿನ ಐದಾರು ಕಿಲೋಮೀಟರು ಫೋನಿಲ್ಲದೆ ಹೋಗಬೇಕು. ಬಿಡದಿದ್ದರೆ ಜೆಮಿನಿಯಲ್ಲಿ ಮತ್ತೆ ಇಡಲು ಜಾಗ ಹುಡುಕಬೇಕು. ಸೂಟ್‌ಕೇಸಿಗೆ ಇದು ಸರಿ, ಫೋನಿಗೂ ಹಾಲಿಗೂ ಅಲ್ಲ.

ಹಾಗಾದರೆ ರೂಮು. ಸೆಂಟ್ರಲ್‌ನಿಂದಲೂ ವಿಮಾನ ನಿಲ್ದಾಣದಿಂದಲೂ ಮೆಟ್ರೊದ ನೀಲಿ ಮಾರ್ಗ ಒಂದೇ. ಥೌಸಂಡ್ ಲೈಟ್ಸ್ ಅಥವಾ ಎಜಿ-ಡಿಎಂಎಸ್‌ನಲ್ಲಿ ಇಳಿದರೆ ಗಾಡಿ ಬದಲಿಸುವ ಕೆಲಸವಿಲ್ಲ, ಲಿಫ್ಟೂ ಇದೆ. ಆ ಎರಡು ಸ್ಟೇಷನ್‌ಗಳ ನಡುವಿನ ಪಟ್ಟಿಯಲ್ಲೇ ಹೋಟೆಲ್ ಹುಡುಕಿ. ನಕ್ಷೆಯಲ್ಲಿ ದೂರ ನೋಡುವಾಗ ಕಾರಿನ ದೂರವಲ್ಲ, ನಡಿಗೆಯ ದೂರ ನೋಡಿ; ಮೇಲ್ಸೇತುವೆಯಿಂದಾಗಿ ಗಾಡಿಗಳು ಸುತ್ತುಹಾಕಬೇಕಾದ ಕಡೆ ಕಾಲ್ನಡಿಗೆಯವರು ನೇರ ಹೋಗಬಹುದು. ಅಣ್ಣಾ ಸಾಲೈ ದಾಟಬೇಕಾಗದ, ಕಾನ್ಸುಲೇಟ್ ಇರುವ ಬದಿಯಲ್ಲೇ ರೂಮು ಸಿಕ್ಕರೆ ನೂರಿನ್ನೂರು ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಬುಕ್ ಮಾಡುವ ಮುಂಚೆ ಫೋನು ಮಾಡಿ ಮೂರು ಪ್ರಶ್ನೆ ಕೇಳಿ. ಚೆಕ್-ಇನ್ ಮಧ್ಯಾಹ್ನ ಹನ್ನೆರಡಕ್ಕೋ, 24 ಗಂಟೆಯ ಲೆಕ್ಕವೋ? ಬೆಳಗಿನ ರೈಲಿನಲ್ಲಿ ಬಂದು ಹನ್ನೆರಡರವರೆಗೆ ಲಾಬಿಯಲ್ಲಿ ಕೂರುವುದಾದರೆ ರೂಮು ತೆಗೆದುಕೊಂಡೂ ಪ್ರಯೋಜನವಿಲ್ಲ. ಚೆಕ್-ಔಟ್ ಆದ ಮೇಲೆ ಚೀಲಗಳನ್ನು ರಿಸೆಪ್ಷನ್‌ನಲ್ಲಿ ಇಟ್ಟುಕೊಳ್ಳುತ್ತಾರೋ? ಬಹಳಷ್ಟು ಕಡೆ ಟ್ಯಾಗ್ ಕಟ್ಟಿ ಇಟ್ಟುಕೊಳ್ಳುತ್ತಾರೆ, ಕಾಸು ಕೇಳುವುದಿಲ್ಲ. ರೂಮಿನಲ್ಲಿ ಬಿಸಿನೀರು ಕಾಯಿಸುವ ಕೆಟಲ್ ಇದೆಯೋ? ಹಾಲಿನ ಪುಡಿ ಕುಡಿಸುವವರಿಗೆ ಇದು ಹಾಸಿಗೆಗಿಂತ ಮುಖ್ಯ.

ಉಳಿಯುವ ಮನೆಯವರ ಗುರುತಿನ ಚೀಟಿಯ ಜೊತೆಗೆ ನಿಮ್ಮ ಆಧಾರ್ ಕಾರ್ಡನ್ನೂ ಕೈಯಲ್ಲಿ ತನ್ನಿ, ಫೋನಿನಲ್ಲಲ್ಲ. ಕಾರಣ ಇದೆ: ವೀಸಾ ಮಂಜೂರಾದರೆ ಪಾಸ್‌ಪೋರ್ಟನ್ನು ಕಾನ್ಸುಲೇಟ್ ಇಟ್ಟುಕೊಳ್ಳುತ್ತದೆ. ವಾಪಸು ವಿಮಾನಕ್ಕೆ ನಿಮಗೆ ಬೇರೆ ಗುರುತು, ಕೂಸಿಗೆ ವಯಸ್ಸಿನ ದಾಖಲೆ ಬೇಕು. ಜನನ ಪ್ರಮಾಣಪತ್ರದ ಮೂಲಪ್ರತಿ ಒಳಗೆ ಒಯ್ದಿದ್ದರೆ ಹೊರಬರುವಾಗ ಕವರಿನಲ್ಲಿ ವಾಪಸಿದೆಯೇ ನೋಡಿಕೊಳ್ಳಿ.

ರೂಮಿನ ಲಾಭ ಸಾಮಾನಿನದ್ದಷ್ಟೇ ಅಲ್ಲ. ಸಾಲಿಗೆ ಹೊರಡುವ ಹದಿನೈದು ನಿಮಿಷ ಮುಂಚೆ ಮಗುವಿಗೆ ಹಾಲು ಕುಡಿಸಿ, ಹೊಸ ಡೈಪರ್ ಹಾಕಿ, ನೇರ ನಡೆದು ಹೋಗಬಹುದು. ಹೊರಬಂದ ಮೇಲೆ ಯಾರಿಗೂ ಫೋನು ಮಾಡುವುದೇ ಬೇಡ, ರೂಮು ಇದ್ದಲ್ಲೇ ಇರುತ್ತದೆ. ಹೋಟೆಲಿನ ವಿಸಿಟಿಂಗ್ ಕಾರ್ಡು ಮಾತ್ರ ಜೇಬಿನಲ್ಲಿರಲಿ.

ಕಾಸು? ಒಂದು ದಿನದ ರೂಮಿಗೆ ಸಾವಿರಗಳಲ್ಲೇ ಹೋಗುತ್ತದೆ, ಬೀದಿ ಬದಿಯಲ್ಲಿ ನೂರರಲ್ಲಿ ಮುಗಿಯುತ್ತದೆ. ಸಂದರ್ಶನದ ಹಿಂದಿನ ದಿನ ಬೆರಳಚ್ಚಿನ ಕೇಂದ್ರಕ್ಕೂ ಹೋಗಬೇಕಾದವರು ಹೇಗೂ ರಾತ್ರಿ ಉಳಿಯಬೇಕು, ಅವರಿಗೆ ಇದು ಹೆಚ್ಚುವರಿ ಖರ್ಚೇ ಅಲ್ಲ. ನೆನಪಿರಲಿ, ಆ ಕೇಂದ್ರ ಬೇರೆ ಕಡೆ ಇದೆ; ರೂಮನ್ನು ಅದರ ಹತ್ತಿರ ಹಿಡಿಯಬೇಡಿ. 14ರೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ, ಹಾಗಾಗಿ ಮಗುವಿಗೆ ಕಷ್ಟದ ದಿನ ಸಂದರ್ಶನದ್ದೇ.

ರೂಮಿಗೆ ಕಾಸಿಲ್ಲ, ಆದರೆ ಜೊತೆಗೆ ಅಮ್ಮನೋ ತಮ್ಮನೋ ಬರುತ್ತಾರೆ ಎಂದರೆ ಅವರೇ ನಿಮ್ಮ ಲಾಕರ್. ಅರ್ಜಿದಾರರಲ್ಲದವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಅವರು ಹೊರಗೇ ಇರಬೇಕು. ಫುಟ್‌ಪಾತಿನಲ್ಲಿ ನಿಲ್ಲಿಸಬೇಡಿ, ಚೆನ್ನೈ ಬಿಸಿಲು ವಯಸ್ಸಾದವರಿಗಲ್ಲ. ಹತ್ತಿರದಲ್ಲೇ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ಇದೆ, ಆದರೆ ಬೆಳಗಿನ ಹೊತ್ತಿಗೆ ಬಾಗಿಲು ತೆರೆದಿರುತ್ತದೆಂದು ನಂಬಬೇಡಿ. ಕೂತು ಕಾಫಿ ಕುಡಿಯುವಂಥ ಒಂದು ಹೋಟೆಲನ್ನು ಮುಂಚೆಯೇ ಗೊತ್ತುಮಾಡಿಕೊಂಡು ಅಲ್ಲೇ ಕೂರಿಸಿ. ಒಬ್ಬರೂ ಇಲ್ಲದೆ, ರೂಮೂ ಇಲ್ಲದೆ ತಾಯಿ-ಮಗು ಇಬ್ಬರೇ ಬರುವುದಾದರೆ ಬೀದಿ ಬದಿಗಿಂತ ನಂಬಿಕೆಯ ಡ್ರೈವರ್ ವಾಸಿ, ಮೇಲೆ ಹೇಳಿದ ಚೀಟಿ ಜೇಬಿನಲ್ಲಿದ್ದರೆ ಮಾತ್ರ.

ಒಳಗೆ ಒಯ್ಯುವುದು ಇಷ್ಟೇ ಇರಲಿ: ಪಾರದರ್ಶಕ ಕವರಿನಲ್ಲಿ ಪಾಸ್‌ಪೋರ್ಟುಗಳು, ಡಿಎಸ್-160 (ವೀಸಾ ಅರ್ಜಿ) ದೃಢೀಕರಣದ ಪುಟ, ಅಪಾಯಿಂಟ್‌ಮೆಂಟ್ ಪತ್ರ, ಮಗುವಿನ 2 ಇಂಚು ಚದರದ ಫೋಟೊ, ಜನನ ಪ್ರಮಾಣಪತ್ರ; ಇನ್ನೊಂದು ಪಾರದರ್ಶಕ ಕವರಿನಲ್ಲಿ ಎರಡು ಡೈಪರು, ಐದಾರು ಒದ್ದೆ ವೈಪ್ಸ್, ಒಂದು ಮೆತ್ತನೆ ಬಟ್ಟೆ. ಹಾಲಿನ ಬಾಟಲಿ ಒಂದೇ, ಅದನ್ನು ಬಿಡುವುದು ಬಿಡದಿರುವುದು ಬಾಗಿಲಲ್ಲಿರುವವರ ವಿವೇಚನೆ. ಬೇಡವೆಂದರೆ ವಾದಕ್ಕಿಳಿಯದೆ ಹೊರಗಿರುವವರ ಕೈಗೆ ಕೊಡಿ. ಪುಡಿಯನ್ನು ಪೊಟ್ಟಣ ಕಟ್ಟಿ ಒಯ್ಯಬೇಡಿ, ಬಿಳಿ ಪುಡಿಯ ಪೊಟ್ಟಣ ಯಾವ ಸ್ಕ್ಯಾನರಿನ ಮುಂದೆಯೂ ಪ್ರಶ್ನೆ ಎಬ್ಬಿಸುತ್ತದೆ.