ವಿಯೆನ್ನಾದ ಮೂರು ಚಿತ್ರಸಂಗ್ರಹಗಳು: ನಿಂತು ನೋಡುವವರಿಗೆ ಯಾವುದು?

ವಿಯೆನ್ನಾಕ್ಕೆ ಹೋಗುವವರ ಬಳಿ ಸಾಮಾನ್ಯವಾಗಿ ಎರಡು ಮೂರು ದಿನಗಳಷ್ಟೇ ಇರುತ್ತವೆ. ಅಷ್ಟರಲ್ಲಿ ಯಾವ ಮ್ಯೂಸಿಯಂ ನೋಡಬೇಕು, ಯಾವುದನ್ನು ಬಿಡಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ. ನವೆಂಬರಿನ ಚಳಿಯಲ್ಲಿ ಐದು ದಿನ ಅಲ್ಲಿದ್ದು, ಕಲಾ ಇತಿಹಾಸದ ಕುನ್‌ಸ್ಟ್‌ಹಿಸ್ಟೋರಿಶೆಸ್ ಮ್ಯೂಸಿಯಂ, ಮೇಲಿನ ಬೆಲ್ವೆಡೇರ್ ಅರಮನೆ ಮತ್ತು ಲಿಯೋಪೋಲ್ಡ್ ಮ್ಯೂಸಿಯಂಗಳನ್ನು ಬಿಡುವಾಗಿ ನೋಡಿದ ಮೇಲೆ ನನಗೆ ತೋಚಿದ್ದನ್ನು ಇಲ್ಲಿ ಬರೆದಿದ್ದೇನೆ. ನನ್ನ ಅಳತೆಗೋಲು ಒಂದೇ: ಒಂದು ಚಿತ್ರದ ಮುಂದೆ ಎಷ್ಟು ಹೊತ್ತು ನೆಮ್ಮದಿಯಿಂದ ನಿಲ್ಲಲು ಆ ಜಾಗ ಬಿಡುತ್ತದೆ? ವಿಯೆನ್ನಾದ ಚಿತ್ರಕಾರ ಗುಸ್ತಾವ್ ಕ್ಲಿಮ್ಟ್‌ನ ಕೈಕೆಲಸ ಮೂರೂ ಕಡೆ ಇರುವುದರಿಂದ, ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದಕ್ಕೂ ಅನುಕೂಲವಾಯಿತು.

1891ರಲ್ಲಿ ತೆರೆದ ಕುನ್‌ಸ್ಟ್‌ಹಿಸ್ಟೋರಿಶೆಸ್ ಮ್ಯೂಸಿಯಂ ಆಸ್ಟ್ರಿಯಾವನ್ನು ಆಳಿದ ಹಾಬ್ಸ್‌ಬರ್ಗ್ ಮನೆತನ ತಲೆಮಾರುಗಳಿಂದ ಕೂಡಿಟ್ಟ ಸಂಪತ್ತಿಗಾಗಿಯೇ ಕಟ್ಟಿದ ಕಟ್ಟಡ. ಮಾರಿಯಾ ತೆರೇಸಾ ಚೌಕದ ಆಚೆ ಬದಿಯಲ್ಲಿ ಅದರ ಜೋಡಿಯಂತೆ ನಿಂತಿರುವುದು ನಿಸರ್ಗ ಇತಿಹಾಸದ ಮ್ಯೂಸಿಯಂ. ಒಳಗೆ ಹೋದವರು ಅಮೃತಶಿಲೆಯ ದೊಡ್ಡ ಮೆಟ್ಟಿಲುಗಳನ್ನು ಹತ್ತುತ್ತಾ ಕಾನೋವಾ ಕೆತ್ತಿದ ಗ್ರೀಕ್ ಪುರಾಣವೀರ ಥೀಸಿಯಸ್‌ನತ್ತ ಕಣ್ಣಿಡುತ್ತಾರೆಯೇ ಹೊರತು, ತಲೆ ಎತ್ತಿ ಕಂಬಗಳ ನಡುವಿನ ಕಮಾನುಗಳ ಮೂಲೆಗಳನ್ನು ನೋಡುವವರು ಕಡಿಮೆ. ಅಲ್ಲಿರುವ ಚಿತ್ರಗಳಲ್ಲಿ ಕೆಲವನ್ನು ಬರೆದವನು ಇನ್ನೂ ಮೂವತ್ತು ತುಂಬದ ಕ್ಲಿಮ್ಟ್. ಉಳಿದವು ಅವನ ತಮ್ಮ ಎರ್ನ್ಸ್ಟ್ ಮತ್ತು ಗೆಳೆಯ ಫ್ರಾಂಟ್ಸ್ ಮಾಚ್ ಅವರ ಕೆಲಸ. ಅವು ಎತ್ತರದಲ್ಲಿರುವುದರಿಂದ ಸಣ್ಣದೊಂದು ದುರ್ಬೀನು ಜೊತೆಗಿದ್ದರೆ ಒಳ್ಳೆಯದು.

ಆದರೆ ನಾನು ಇಲ್ಲಿಗೆ ಎರಡು ಬಾರಿ ಹೋದದ್ದು ಹದಿನಾರನೆಯ ಶತಮಾನದ ಫ್ಲೆಮಿಶ್ ಚಿತ್ರಕಾರ ಪೀಟರ್ ಬ್ರೂಗೆಲ್‌ಗಾಗಿ. ಅವನ ಹನ್ನೆರಡು ಚಿತ್ರಗಳು ಇಲ್ಲಿವೆ. ಜಗತ್ತಿನ ಬೇರೆ ಯಾವ ಊರಿನಲ್ಲೂ ಇಷ್ಟಿಲ್ಲ. 1565ರ ‘ಹಿಮದಲ್ಲಿ ಬೇಟೆಗಾರರು’ ಚಿತ್ರದ ಎದುರು ನಾನು ಮುಕ್ಕಾಲು ಗಂಟೆ ಕಳೆದೆ. ದಣಿದ ಮೂವರು ಬೇಟೆಗಾರರು ನಾಯಿಗಳ ಹಿಂಡಿನೊಂದಿಗೆ ಗುಡ್ಡ ಇಳಿಯುತ್ತಿದ್ದಾರೆ, ಇಡೀ ದಿನದ ಬೇಟೆಯೆಂದರೆ ಒಬ್ಬನ ಬೆನ್ನಿನ ಮೇಲಿರುವ ಒಂದು ನರಿ ಮಾತ್ರ. ಛತ್ರದ ಹೆಸರುಫಲಕ ಒಂದು ಕೊಂಡಿ ಕಳಚಿ ವಾಲಿದೆ, ಅದರ ಕೆಳಗೆ ಬೆಂಕಿ ಹಾಕುತ್ತಿದ್ದಾರೆ, ಕೆಳಗಿನ ಕೊಳಗಳು ಹೆಪ್ಪುಗಟ್ಟಿ ಜನ ಅವುಗಳ ಮೇಲೆ ಆಡುತ್ತಿದ್ದಾರೆ. ಇಷ್ಟನ್ನೂ ಕಂಡು ಮುಗಿಯಿತು ಅಂದುಕೊಂಡ ಮೇಲೆ, ದೂರದ ಮನೆಯೊಂದರ ಚಿಮಣಿಗೆ ಬೆಂಕಿ ತಗುಲಿ ಕೆಲವರು ಅದನ್ನು ಆರಿಸಲು ಹೆಣಗುತ್ತಿರುವುದು ಕಣ್ಣಿಗೆ ಬಿತ್ತು. ಆಂಟ್ವರ್ಪಿನ ವರ್ತಕನೊಬ್ಬನಿಗಾಗಿ ಬ್ರೂಗೆಲ್ ಬರೆದ ಋತುಮಾಲೆಯಲ್ಲಿ ಉಳಿದಿರುವುದು ಐದು ಚಿತ್ರಗಳು. ಮೂರು ಇಲ್ಲಿವೆ, ಒಂದು ಪ್ರಾಗ್‌ನಲ್ಲಿದೆ, ಇನ್ನೊಂದು ನ್ಯೂಯಾರ್ಕಿಗೆ ಸೇರಿದೆ. ಮೂರನ್ನೂ ಒಟ್ಟಿಗೆ ನೋಡಿದಾಗ ವರ್ಷವೇ ಕೋಣೆಯೊಳಗೆ ಮಗ್ಗುಲು ಬದಲಿಸಿದಂತೆ ಅನಿಸುತ್ತದೆ.

ವೆಲಾಸ್ಕೆಸ್ ಬರೆದ ಸ್ಪೇನಿನ ರಾಜಕುಮಾರಿ ಮಾರ್ಗರಿಟಾಳ ಭಾವಚಿತ್ರಗಳನ್ನೂ ಬಿಡಬಾರದು. ಸೋದರಮಾವನಾದ ಹಾಬ್ಸ್‌ಬರ್ಗ್ ಚಕ್ರವರ್ತಿ ಲಿಯೋಪೋಲ್ಡ್‌ನೊಂದಿಗೆ ಮದುವೆ ನಿಶ್ಚಯವಾಗಿದ್ದ ಈ ಹುಡುಗಿ ಹೇಗೆ ಬೆಳೆಯುತ್ತಿದ್ದಾಳೆಂದು ತೋರಿಸಲು ಅವುಗಳನ್ನು ವಿಯೆನ್ನಾಕ್ಕೆ ಕಳುಹಿಸುತ್ತಿದ್ದರು. ನೀಲಿ ಉಡುಪಿನಲ್ಲಿ ನಿಂತಾಗ ಅವಳಿಗೆ ಎಂಟು ವರ್ಷ. 1666ರಲ್ಲಿ ಮದುವೆಯಾಗಿ, ಇಪ್ಪತ್ತೊಂದರಲ್ಲೇ ತೀರಿಕೊಂಡಳು. ಇದನ್ನು ತಿಳಿದು ಆ ಪುಟ್ಟ ಮುಖವನ್ನು ನೋಡುವುದು ಕಷ್ಟ.

ಈ ಮ್ಯೂಸಿಯಂನ ದೊಡ್ಡ ಗುಣ ಮೆತ್ತನೆಯ ಆಸನಗಳು. ಇದು ಸಣ್ಣ ವಿಷಯವೆಂದು ಕಾಣಬಹುದು, ಆದರೆ ಕೂತು ನೋಡಿದ ಚಿತ್ರವೇ ಬೇರೆ, ನಡೆಯುತ್ತಾ ನೋಡಿದ ಚಿತ್ರವೇ ಬೇರೆ. ನಾನು ಹೋದಾಗ ಗುರುವಾರ ರಾತ್ರಿ ಒಂಬತ್ತರವರೆಗೆ ತೆರೆದಿತ್ತು. ಏಳು ಗಂಟೆಯ ನಂತರ ಬ್ರೂಗೆಲ್ ಕೋಣೆಯಲ್ಲಿ ನಾನೂ ಸೇರಿ ನಾಲ್ಕೇ ಜನ. ಕೊರತೆಯೆಂದರೆ ವಿಸ್ತಾರ. ಈಜಿಪ್ಟಿನ ವಿಭಾಗವನ್ನೂ ಚೆಲ್ಲಿನಿಯ ಚಿನ್ನದ ಉಪ್ಪಿನ ಪಾತ್ರೆಯಿರುವ, ಅಪರೂಪದ ವಸ್ತುಗಳ ವಿಭಾಗವಾದ ಕುನ್‌ಸ್ಟ್‌ಕಾಮರನ್ನೂ ಅದೇ ದಿನ ಮುಗಿಸಲು ಹೊರಟರೆ ಕಾಲೂ ಸೋಲುತ್ತದೆ, ಕಣ್ಣೂ ಸೋಲುತ್ತದೆ. 2003ರಲ್ಲಿ ಕಳುವಾಗಿ, 2006ರಲ್ಲಿ ಕಾಡಿನ ಮಣ್ಣಿನಡಿ ಸಿಕ್ಕ ಆ ಪಾತ್ರೆಯನ್ನು ನಾನು ಎರಡನೆಯ ಭೇಟಿಗೆ ಉಳಿಸಿಕೊಂಡೆ, ಅದೇ ಸರಿಯಾಯಿತು.

ಬೆಲ್ವೆಡೇರ್‌ಗೆ ರಿಂಗ್ ರಸ್ತೆಯಿಂದ ಡಿ ಟ್ರಾಮ್ ಹಿಡಿದರೆ ಸಾಕು. ಸವಾಯ್‌ನ ರಾಜಕುಮಾರ ಯೂಜೀನ್‌ಗಾಗಿ ಹಿಲ್ಡೆಬ್ರಾಂಟ್ ಕಟ್ಟಿದ ಈ ಅರಮನೆಯ ಅಮೃತಶಿಲೆಯ ಸಭಾಂಗಣದಲ್ಲಿಯೇ 1955ರ ಮೇ 15ರಂದು ಆಸ್ಟ್ರಿಯಾ ಮತ್ತೆ ಸ್ವತಂತ್ರವಾಗುವ ಒಪ್ಪಂದಕ್ಕೆ ಸಹಿ ಬಿತ್ತು. ಕ್ಲಿಮ್ಟ್‌ನ ತೈಲಚಿತ್ರಗಳ ಅತಿ ದೊಡ್ಡ ಸಂಗ್ರಹ ಇಲ್ಲಿದೆ. ಜನ ಬರುವುದು ಮುಖ್ಯವಾಗಿ ‘ಚುಂಬನ’ಕ್ಕಾಗಿ. 180 ಸೆಂಟಿಮೀಟರ್ ಚೌಕದ ಆ ಚಿತ್ರ ಮುದ್ರಿತ ಪ್ರತಿಗಳಲ್ಲಿ ಹಳದಿಯಾಗಿ ಚಪ್ಪಟೆಯಾಗಿ ಕಾಣುತ್ತದೆ. ಎದುರು ನಿಂತಾಗಲೇ ಚಿನ್ನದ ರೇಕಿನ ಜೀವ ತಿಳಿಯುವುದು: ಒಂದು ಹೆಜ್ಜೆ ಪಕ್ಕಕ್ಕೆ ಸರಿದರೂ ಹೊಳಪು ಜಾಗ ಬದಲಿಸುತ್ತದೆ. ಕ್ಲಿಮ್ಟ್‌ನ ತಂದೆ ಚಿನ್ನದ ಮೇಲೆ ಕೆತ್ತನೆ ಮಾಡುವ ಕಸುಬಿನವರು ಎಂಬುದು ಆಗ ನೆನಪಾಗುತ್ತದೆ.

ದುಃಖದ ಸಂಗತಿಯೆಂದರೆ ಆ ಒಂದು ಹೆಜ್ಜೆಗೆ ಅಲ್ಲಿ ಜಾಗವಿಲ್ಲ. ಬೆಳಿಗ್ಗೆ ಹತ್ತೂವರೆಗೆ ಹೋದಾಗ ನನ್ನ ಮುಂದೆ ಐದಾರು ಸಾಲು ಜನ, ಎತ್ತಿ ಹಿಡಿದ ಮೊಬೈಲುಗಳು. ಸಂಜೆ ಬಾಗಿಲು ಮುಚ್ಚುವ ಅರ್ಧ ಗಂಟೆ ಮೊದಲು ಮರಳಿ ಬಂದು ಕಾದಾಗ ಹತ್ತು ನಿಮಿಷ ಸಿಕ್ಕಿತು. ಪಕ್ಕದ ಕೋಣೆಗಳು ಮಾತ್ರ ಬಿಡುವಾಗಿದ್ದವು. ಎಗಾನ್ ಶೀಲೆ ತನ್ನ ಕೊನೆಯ ವರ್ಷದಲ್ಲಿ ಬರೆದ ‘ಕುಟುಂಬ’ದ ಬಳಿ ಯಾರೂ ಇರಲಿಲ್ಲ. 1918ರ ಅಕ್ಟೋಬರಿನಲ್ಲಿ ಅವನ ಗರ್ಭಿಣಿ ಹೆಂಡತಿ ಎಡಿತ್ ಸ್ಪ್ಯಾನಿಷ್ ಜ್ವರದಿಂದ ಸತ್ತಳು, ಮೂರು ದಿನಕ್ಕೆ ಇಪ್ಪತ್ತೆಂಟರ ಶೀಲೆಯೂ ಸತ್ತ. ಮೆಸ್ಸರ್‌ಶ್ಮಿಟ್ ರೂಪಿಸಿದ, ಮುಖ ಕಿವುಚಿದ ತಲೆಗಳ ಶಿಲ್ಪಗಳೂ ಇಲ್ಲಿಯೇ ಇವೆ. ಅವೂ ನಿಧಾನವಾಗಿ ನೋಡುವಂಥವು.

ಲಿಯೋಪೋಲ್ಡ್ ಮ್ಯೂಸಿಯಂ ಮೂರರಲ್ಲಿ ಚಿಕ್ಕದು. 2001ರಲ್ಲಿ, ಹಿಂದೆ ಚಕ್ರವರ್ತಿಯ ಕುದುರೆಲಾಯಗಳಿದ್ದ ಆವರಣದಲ್ಲಿ ತೆರೆದ ಬಿಳಿ ಕಲ್ಲಿನ ಕಟ್ಟಡವಿದು. ಕಣ್ಣಿನ ವೈದ್ಯರಾಗಿದ್ದ ರುಡಾಲ್ಫ್ ಲಿಯೋಪೋಲ್ಡ್, ಶೀಲೆಯನ್ನು ಹೆಚ್ಚು ಜನ ಕೇಳದ ಕಾಲದಲ್ಲಿ ಕೊಂಡು ಕೂಡಿಟ್ಟದ್ದರಿಂದ, ಅವನ ಕೃತಿಗಳ ಅತಿ ದೊಡ್ಡ ಸಂಗ್ರಹ ಇಲ್ಲಿದೆ. 1912ರ ಆತ್ಮಚಿತ್ರ ಅಗಲದಲ್ಲಿ 40 ಸೆಂಟಿಮೀಟರ್ ಮಾತ್ರ. ಆದರೂ ಆ ಓರೆನೋಟ ಕೋಣೆಯ ತುದಿಯವರೆಗೂ ಹಿಂಬಾಲಿಸುತ್ತದೆ. ಅದರ ಜೋಡಿಯಾದ, ಶೀಲೆಯ ಅಂದಿನ ಗೆಳತಿ ‘ವಾಲಿ’ಯ ಭಾವಚಿತ್ರದ ಹಿಂದೆ ನಾಜಿ ಕಾಲದ ಲೂಟಿಯ ಕಥೆಯಿದೆ. ಯಹೂದಿ ಗ್ಯಾಲರಿಯೊಡತಿ ಲೀಯಾ ಬೊಂಡಿ ಅವರಿಂದ ಕಿತ್ತುಕೊಂಡಿದ್ದ ಈ ಚಿತ್ರ ನ್ಯೂಯಾರ್ಕಿಗೆ ಪ್ರದರ್ಶನಕ್ಕೆ ಹೋದಾಗ ಮೊಕದ್ದಮೆಯಾಗಿ, 2010ರಲ್ಲಿ ವಾರಸುದಾರರಿಗೆ 1.9 ಕೋಟಿ ಡಾಲರ್ ಕೊಟ್ಟ ಮೇಲೆ ಇತ್ಯರ್ಥವಾಯಿತು. ಬೆಲ್ವೆಡೇರ್ ಕೂಡ 2006ರಲ್ಲಿ ಆಡೆಲೆ ಬ್ಲಾಕ್-ಬಾವರ್ ಭಾವಚಿತ್ರ ಸೇರಿ ಐದು ಕ್ಲಿಮ್ಟ್‌ಗಳನ್ನು ವಾರಸುದಾರರಿಗೆ ಒಪ್ಪಿಸಬೇಕಾಯಿತು. ಈ ಇತಿಹಾಸವನ್ನು ಅರಿಯದೆ ವಿಯೆನ್ನಾದ ಗೋಡೆಗಳನ್ನು ನೋಡುವುದು ಅರ್ಧ ನೋಡಿದಂತೆ ಎಂದು ನಾನು ನಂಬಿದ್ದೇನೆ.

ಕ್ಲಿಮ್ಟ್‌ನ ‘ಸಾವು ಮತ್ತು ಬದುಕು’ ಇರುವುದೂ ಇಲ್ಲಿಯೇ. 1911ರಲ್ಲಿ ರೋಮಿನಲ್ಲಿ ಬಹುಮಾನ ಗೆದ್ದ ಮೇಲೂ ಅವನು ಅದನ್ನು ಮತ್ತೆ ಕೈಗೆತ್ತಿಕೊಂಡು, ಹಿನ್ನೆಲೆಯ ಚಿನ್ನದ ಬಣ್ಣವನ್ನು ಅಳಿಸಿ ಬೂದುಗಪ್ಪು ಬಳಿದ. ಬೆಲ್ವೆಡೇರ್‌ನ ಚಿನ್ನವನ್ನು ನೋಡಿದ ಮರುದಿನ ಇದನ್ನು ನೋಡಿದರೆ ಮಾತ್ರ ಆ ನಿರ್ಧಾರದ ತೂಕ ತಿಳಿಯುತ್ತದೆ. ನಾನು ಅದರ ಮುಂದೆ ಇಪ್ಪತ್ತೈದು ನಿಮಿಷ ನಿಂತೆ; ಯಾರೂ ಭುಜ ತಾಗಿಸಲಿಲ್ಲ.

ಒಂದೇ ದಿನವಿದ್ದು ಒಂದನ್ನೇ ಆರಿಸಬೇಕಾದವರಿಗೆ ನಾನು ಕುನ್‌ಸ್ಟ್‌ಹಿಸ್ಟೋರಿಶೆಸ್ ಎನ್ನುತ್ತೇನೆ, ಅದೂ ಚಿತ್ರಗಳ ಮಹಡಿ ಮಾತ್ರ. ಎರಡನೆಯ ದಿನವಿದ್ದರೆ ಬೆಲ್ವೆಡೇರ್‌ಗಿಂತ ಲಿಯೋಪೋಲ್ಡ್ ಮೇಲು. ‘ಚುಂಬನ’ ನೋಡಲೇಬೇಕೆಂಬ ಆಸೆಯಿದ್ದವರು ಸಂಜೆಯ ಕೊನೆಯ ಸಮಯಕ್ಕೆ ಟಿಕೆಟ್ ಕಾದಿರಿಸಲಿ. ವಿಯೆನ್ನಾದ ಇನ್ನೊಂದು ಮ್ಯೂಸಿಯಂ ಆದ ಆಲ್ಬರ್ಟೀನಾಕ್ಕೆ ಡ್ಯೂರರ್‌ನ 1502ರ ಮೊಲದ ಚಿತ್ರಕ್ಕಾಗಿಯೇ ಹೋಗುವವರು ಒಂದನ್ನು ತಿಳಿದಿರಬೇಕು: ಬೆಳಕು ತಾಗಿದರೆ ಕೆಡುವ ಮೂಲಚಿತ್ರವನ್ನು ಅಪರೂಪಕ್ಕೆ ಹೊರತೆಗೆಯುತ್ತಾರೆ, ಉಳಿದಂತೆ ಕಾಣುವುದು ಪ್ರತಿ. ಅಕ್ಬರನ ಕಾಲದ ಚಿತ್ರಸಹಿತ ಕಥಾಗ್ರಂಥ ಹಂಜಾನಾಮಾದ 60 ಹಾಳೆಗಳು ಎಂಎಕೆ ಎಂಬ ಅನ್ವಯಿಕ ಕಲೆಗಳ ಮ್ಯೂಸಿಯಂನಲ್ಲಿವೆ. ಭಾರತದಿಂದ ಹೋದವರು ಅವು ಪ್ರದರ್ಶನದಲ್ಲಿವೆಯೇ ಎಂದು ಮೊದಲೇ ವಿಚಾರಿಸುವುದು ಒಳಿತು.

ಬೆಲ್ವೆಡೇರ್‌ಗೆ ಹೋಗುವವರು ಅದಕ್ಕೆ ಮೊದಲು ಕುನ್‌ಸ್ಟ್‌ಹಿಸ್ಟೋರಿಶೆಸ್‌ನಲ್ಲಿ ಬೆಲ್ಲೊಟ್ಟೊ ಬರೆದ ವಿಯೆನ್ನಾದ ನೋಟವನ್ನು ಹುಡುಕಿಕೊಳ್ಳಬೇಕು. ಹದಿನೆಂಟನೆಯ ಶತಮಾನದಲ್ಲಿ, ಮಾರಿಯಾ ತೆರೇಸಾಳ ಆಳ್ವಿಕೆಯ ಕಾಲದಲ್ಲಿ ಅವನು ಅದನ್ನು ಬರೆದದ್ದು ಮೇಲಿನ ಬೆಲ್ವೆಡೇರ್‌ನಿಂದಲೇ. ನಾನು ಚಿತ್ರವನ್ನು ನೋಡಿದ ಮರುದಿನ ಅರಮನೆಯ ಮುಂದೆ, ಟಿಕೆಟ್ ಬೇಡದ ತೋಟದ ನೆತ್ತಿಯಲ್ಲಿ ನಿಂತಾಗ, ಎಡಕ್ಕೆ ಕಾರ್ಲ್ಸ್ ಚರ್ಚಿನ ಗುಮ್ಮಟ, ಬಲಕ್ಕೆ ಕನ್ಯಾಮಠದ ಗುಮ್ಮಟ, ನಡುವೆ ಮಂಜಿನಲ್ಲಿ ಸೇಂಟ್ ಸ್ಟೀಫನ್ನರ ಗೋಪುರ, ಎಲ್ಲವೂ ಅವನು ಇಟ್ಟ ಜಾಗದಲ್ಲಿಯೇ ಇದ್ದವು.