ಎಡಗೆನ್ನೆಗೆ ಒಂದು, ಬಲಗೆನ್ನೆಗೆ ಇನ್ನೊಂದು

ನನ್ನ ಚರ್ಮಕ್ಕೆ ಮೂಗಿನ ತುದಿಯಲ್ಲೇ ಕೋಪ. ಹೊಸ ಕ್ರೀಮ್ ಹಚ್ಚಿದ ಹತ್ತು ನಿಮಿಷಕ್ಕೆ ಕೆನ್ನೆ ಕೆಂಪಾಗಿ ಚುರುಗುಟ್ಟುತ್ತದೆ. ಮೊಡವೆ ಹೋದರೂ ಅದರ ಕಪ್ಪು ಕಲೆ ಮೂರು ತಿಂಗಳು ಬಾಡಿಗೆಗೆ ಇರುತ್ತದೆ. ರಾಜಾಜಿನಗರದ ಮನೆ ಬಿಟ್ಟು ವೈಟ್‌ಫೀಲ್ಡ್ ಕಡೆ ಬಂದ ಮೇಲೆ ಈ ಕಾಟ ಜಾಸ್ತಿಯಾಯಿತು. ಅಲ್ಲಿ ಕಾವೇರಿ ನೀರು, ಇಲ್ಲಿ ಬೋರ್‌ವೆಲ್, ಅದೂ ಇಲ್ಲದಿದ್ದರೆ ಟ್ಯಾಂಕರ್. ಬಕೆಟ್ಟಿನ ಒಳಗೆಲ್ಲ ಬಿಳಿ ಪದರ, ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಜಿಗುಟಾಗುತ್ತದೆ. ಆ ಜಿಗುಟು ಬಕೆಟ್ಟಿಗೆ ಮಾತ್ರವಲ್ಲ, ಮುಖಕ್ಕೂ ಅಂಟುತ್ತದೆ.

ಹಾಗಾಗಿ ನನ್ನ ಮುಖಕ್ಕೆ ಯಾವುದು ಒಗ್ಗುತ್ತದೆ ಎಂದು ಒಂದಕ್ಕೊಂದು ಹೋಲಿಸಿ ನೋಡಿದೆ. ಮೊದಲ ಪಂದ್ಯ ಸೋಪಿಗೂ ಫೇಸ್‌ವಾಶ್‌ಗೂ. ಇದು ಪಂದ್ಯವೇ ಅಲ್ಲ ಬಿಡಿ. ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ, ಏರಿದಷ್ಟೂ ಕ್ಷಾರ. ಮಾಮೂಲಿ ಸೋಪಿನ ಪಿಎಚ್ 9ರಿಂದ 10, ನಮ್ಮ ಚರ್ಮದ್ದು 5ರ ಆಸುಪಾಸು. ವಾಸನೆಯಿಲ್ಲದ, ಜಾಸ್ತಿ ನೊರೆ ಬಾರದ ಫೇಸ್‌ವಾಶ್ ಹಿಡಿದ ಎರಡೇ ವಾರಕ್ಕೆ ಮುಖ ಬಿಗಿಯುವುದು ನಿಂತಿತು. ಕೊನೆಗೆ ಒಂದು ಚೊಂಬು ಫಿಲ್ಟರ್ ನೀರಿನಲ್ಲಿ ಮುಖ ತೊಳೆಯುತ್ತೇನೆ. ಕುಡಿಯೋ ನೀರಲ್ಲಿ ಮುಖ ತೊಳೀತಾಳೆ ಅಂತ ಅತ್ತೆ ಗೊಣಗುತ್ತಾರೆ.

ಅಡುಗೆಮನೆಯ ಮದ್ದನ್ನೂ ಬಿಡಲಿಲ್ಲ. ಅಮ್ಮನ ಕಡ್ಲೆಹಿಟ್ಟು, ಮೊಸರು ಹಚ್ಚಿಕೊಂಡಷ್ಟು ಹೊತ್ತು ತಂಪು. ಆದರೆ ಒಣಗಿದ ಹಿಟ್ಟನ್ನು ಉಜ್ಜಿ ತೆಗೆಯುವಾಗಲೇ ಕೆನ್ನೆ ಕೆಂಪಾಗುತ್ತಿತ್ತು. ಅತ್ತೆಯ ನಿಂಬೆಹಣ್ಣು, ಅರಿಶಿನ ಒಂದೇ ದಿನಕ್ಕೆ ಸಾಕಾಯಿತು. ನಿಂಬೆರಸದ ಪಿಎಚ್ 2ರ ಹತ್ತಿರ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಸುಟ್ಟ ಹಾಗೆ ಕಲೆ ಬೀಳುವುದೂ ಉಂಟು. ನಿಂಬೆ ಚಿತ್ರಾನ್ನಕ್ಕೇ ಇರಲಿ.

ನಿಜವಾದ ಸ್ಪರ್ಧೆ ನಯಾಸಿನಮೈಡ್ ಮತ್ತು ಅಜೆಲಾಯಿಕ್ ಆಸಿಡ್ ನಡುವೆ. ಕೆಂಪು, ಮೊಡವೆ, ಕಲೆ, ಮೂರಕ್ಕೂ ಎರಡನ್ನೂ ಹೇಳುತ್ತಾರೆ. ಮೊದಲನೆಯದು ವಿಟಮಿನ್ ಬಿ3ಯ ಒಂದು ರೂಪ. ಕಪ್ಪು ಬಣ್ಣ ಚರ್ಮದ ಮೇಲಿನ ಪದರಕ್ಕೆ ಸಾಗುವುದನ್ನು ಇದು ಕಡಿಮೆ ಮಾಡುತ್ತದೆ. ಎರಡನೆಯದು ಗೋಧಿ, ಬಾರ್ಲಿಯಲ್ಲೂ ಇರುವ ಆಮ್ಲ. ಇದು ಆ ಬಣ್ಣ ತಯಾರಾಗುವ ಹಂತದಲ್ಲೇ ಅಡ್ಡಗಾಲು ಹಾಕುತ್ತದೆ. ಒಂದು ತಿಂಗಳು ಅದು, ಇನ್ನೊಂದು ತಿಂಗಳು ಇದು ಅಂತ ಮಾಡಿದರೆ ಹವೆಯೇ ಬದಲಾಗಿರುತ್ತದೆ, ಅಲ್ವಾ? ಅದಕ್ಕೇ ಮುಖವನ್ನೇ ಪಾಲು ಮಾಡಿದೆ. ಎಡಗೆನ್ನೆಗೆ 10% ನಯಾಸಿನಮೈಡ್, ಬಲಗೆನ್ನೆಗೆ 10% ಅಜೆಲಾಯಿಕ್. ಎರಡೂ ರಾತ್ರಿ ಮಾತ್ರ, ಎಂಟು ವಾರ. ಅದಕ್ಕೂ ಮೊದಲು ಮೊಣಕೈ ಒಳಮಡಿಕೆಯಲ್ಲಿ ಒಂದು ವಾರ ಹಚ್ಚಿ ನೋಡಿದ್ದೆ. ಎರಡೂ ಪಾಸಾಗಿದ್ದವು.

ಕೈ ಒಪ್ಪಿದ್ದನ್ನು ಮುಖ ಒಪ್ಪಲಿಲ್ಲ. ನಾಲ್ಕನೇ ರಾತ್ರಿ ಎಡಗೆನ್ನೆ ಬಿಸಿಯಾಗಿ, ಬೆಳಿಗ್ಗೆ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ಬಲಗೆನ್ನೆಯೂ ಸಾಧುವಲ್ಲ. ಹಚ್ಚಿದ ಕೂಡಲೇ ಇರುವೆ ಹರಿದ ಹಾಗೆ ತುರಿಕೆ. ಆದರೆ ಕಾಲು ಗಂಟೆಯಲ್ಲಿ ಇಳಿಯುತ್ತಿತ್ತು, ಮೂರನೇ ವಾರಕ್ಕೆ ಪೂರ್ತಿ ಹೋಯಿತು. ಎಡಗೆನ್ನೆಗೆ ಒಂದು ವಾರ ರಜೆ ಕೊಟ್ಟು 5%ಕ್ಕೆ ಇಳಿಸಿದೆ. ಆಮೇಲೆ ಅದು ತಕರಾರು ಮಾಡಲಿಲ್ಲ. ಎಷ್ಟೋ ಪ್ರಯೋಗಗಳಲ್ಲಿ ಕೆಲಸ ಮಾಡಿದ್ದು 2ರಿಂದ 5% ಮಾತ್ರವಂತೆ. 10 ಅನ್ನುವುದು ಬಾಟಲಿಯ ಮೇಲೆ ದೊಡ್ಡದಾಗಿ ಬರೆಯಲು ಚೆಂದ, ಅಷ್ಟೇ ಅನಿಸಿತು.

ಎಂಟು ವಾರದ ಕೊನೆಗೆ ಕಿಟಕಿ ಹತ್ತಿರ ನಿಂತು ಫೋಟೋ ತೆಗೆದೆ. ಎಣ್ಣೆ ಪಸೆ ಕಡಿಮೆಯಾಗಿದ್ದು ಎಡಗೆನ್ನೆಯಲ್ಲಿ. ಕಲೆ ಮಾಸಿದ್ದು, ಕೆಂಪು ಇಳಿದದ್ದು ಬಲಗೆನ್ನೆಯಲ್ಲಿ. ನನಗೆ ಬೇಕಾಗಿದ್ದು ಎರಡನೆಯದು. ಈಗ ಎರಡೂ ಕೆನ್ನೆಗೆ ಅಜೆಲಾಯಿಕ್. ಕಲೆ, ಮೊಡವೆಗೆ ಹಚ್ಚುವ ವಿಟಮಿನ್ ಎಯ ರೂಪವಾದ ರೆಟಿನಾಲ್ ಈ ಹೋಲಿಕೆಗೆ ಬರಲೇ ಇಲ್ಲ. ಎರಡನೇ ಮಗುವಿನ ಯೋಚನೆ ಇದ್ದುದರಿಂದ ಡಾಕ್ಟರ್ ಅದು ಬೇಡವೇ ಬೇಡ ಎಂದರು. ಅಜೆಲಾಯಿಕ್‌ಗೆ ಆ ಅಡ್ಡಿ ಇಲ್ಲ.

ಇದಕ್ಕೆಲ್ಲ ಮುಂಚೆ ನಾನು ಮಾಡಿದ ದೊಡ್ಡ ತಪ್ಪು ಪೀಲ್, ಅಂದರೆ ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವುದು. ತಂಗಿಯ ಮದುವೆಗೆ ಮೂರು ವಾರ ಇರುವಾಗ ಮನೆ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಗ್ಲೈಕಾಲಿಕ್ ಪೀಲ್ ಮಾಡಿಸಿಕೊಂಡೆ. ಚರ್ಮ ಹೇಗಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುಖ ಉರಿದು, ಸಿಪ್ಪೆ ಎದ್ದು, ಹಳೇ ಕಲೆಯ ಪಕ್ಕ ಹೊಸ ಕಲೆ. ನಮ್ಮಂಥ ಕಂದು ಬಣ್ಣದ ಚರ್ಮ ಉರಿದಲ್ಲೆಲ್ಲ ಕಪ್ಪಾಗುತ್ತದೆ. ಮದುವೆ ಆಲ್ಬಮ್ ತೆಗೆದರೆ ಈಗಲೂ ಮೊದಲು ಕಾಣುವುದು ಅದೇ. ಆಗಲೇ ಮೆಡಿಕಲ್ ಶಾಪಿನವರು, "ಮೇಡಂ, ಈ ಟ್ಯೂಬ್ ಹಚ್ಚಿ, ಒಂದು ವಾರದಲ್ಲಿ ಬೆಳ್ಳಗಾಗ್ತೀರ" ಎಂದು ಒಂದು ಕ್ರೀಮ್ ಕೊಟ್ಟಿದ್ದರು. ಹಿಂಬದಿ ಓದಿದರೆ ಮೊಮೆಟಾಸೋನ್, ಅಂದರೆ ಸ್ಟೀರಾಯ್ಡ್. ಡಾಕ್ಟರ್ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ. ಹಚ್ಚುತ್ತಿರುವಷ್ಟು ದಿನ ಮುಖ ಫಳಫಳ, ತಿಂಗಳುಗಟ್ಟಲೆ ಹಚ್ಚಿ ಬಿಟ್ಟರೆ ಚರ್ಮ ತೆಳುವಾಗಿ ಕೆಂಡದಂತೆ ಉರಿಯುತ್ತದೆ. ವಾಪಸ್ ಕೊಟ್ಟು ಬಂದೆ.

ಮಾಯಿಶ್ಚರೈಸರ್ ವಿಷಯ ಬೇಗ ಹೇಳುತ್ತೇನೆ. ತೆಂಗಿನೆಣ್ಣೆ ಕೈಕಾಲಿಗೆ ಸರಿ, ಮುಖಕ್ಕೆ ಹಚ್ಚಿದರೆ ನನಗೆ ಮೊಡವೆ. ವ್ಯಾಸಲೀನ್ ಏನೂ ತೊಂದರೆ ಕೊಡಲಿಲ್ಲ, ಆದರೆ ಮುಖವೆಲ್ಲ ಅಂಟಂಟು. ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಕೊಬ್ಬು) ಮತ್ತು ಗ್ಲಿಸರಿನ್ ಇರುವ ಸಾದಾ ಕ್ರೀಮ್ ಗೆದ್ದಿತು. ಫೆಬ್ರವರಿ, ಮಾರ್ಚ್‌ನ ಒಣಹವೆಗೆ ತುಟಿ ಪಕ್ಕ ಮಾತ್ರ ವ್ಯಾಸಲೀನ್.

ಸನ್‌ಸ್ಕ್ರೀನ್‌ನಲ್ಲಿ ಸ್ವಲ್ಪ ಒದ್ದಾಡಿದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಗಾಳಿ ತಂಪಾಗಿದ್ದರೆ ಬಿಸಿಲಿನ ಚುರುಕು ಗೊತ್ತಾಗುವುದಿಲ್ಲ. ಬಿಸಿಲಿನ ಕಿರಣ ಹೀರುವ ಅವೊಬೆಂಝೋನ್ ಇದ್ದ ತೆಳು ಜೆಲ್ ಹಚ್ಚಲು ಸುಖ, ಆದರೆ ಬಸ್ಸಿನಲ್ಲಿ ಬೆವರಿದರೆ ಕಣ್ಣುರಿ. ಝಿಂಕ್ ಆಕ್ಸೈಡ್‌ನದ್ದು ಒಂಚೂರೂ ಉರಿಯಲಿಲ್ಲ. ಆದರೆ ಮುಖ ವಿಭೂತಿ ಬಳಿದ ಹಾಗಾಯಿತು. ಕೊನೆಗೆ ಒಗ್ಗಿದ್ದು ಕಂದು ಬಣ್ಣ ಬೆರೆಸಿದ ಝಿಂಕ್. ಆ ಬಣ್ಣ ಬರುವುದು ಐರನ್ ಆಕ್ಸೈಡ್‌ನಿಂದ. ಕಲೆಯನ್ನು ಇನ್ನೂ ಕಪ್ಪಾಗಿಸುವ ಕಣ್ಣಿಗೆ ಕಾಣುವ ಬೆಳಕನ್ನೂ ಅದು ಸ್ವಲ್ಪ ತಡೆಯುತ್ತದೆ. ಬಿಸಿಲು ತಡೆಯುವ ಶಕ್ತಿಯ ಅಳತೆಯಾದ ಎಸ್‌ಪಿಎಫ್ 30 ಇದ್ದರೆ ಸಾಕು. ಆದರೆ ಎರಡು ಬೆರಳುದ್ದ ಹಚ್ಚಬೇಕು, ಕಡಲೆಕಾಯಿಯಷ್ಟು ಅಲ್ಲ.

ಉಳಿದಿದ್ದ 10% ನಯಾಸಿನಮೈಡ್‌ನ ಬಾಟಲಿ ಬಿಸಾಡಲು ಮನಸ್ಸು ಬರಲಿಲ್ಲ. ನಮ್ಮೆಜಮಾನರು ದಿನಾ ರಾತ್ರಿ ಅದನ್ನು ಅಂಗೈ ತುಂಬ ಸುರಿದುಕೊಂಡು ಹಚ್ಚುತ್ತಾರೆ. ಅವರಿಗೆ ಒಂದು ಗುಳ್ಳೆಯೂ ಎದ್ದಿಲ್ಲ.