ಬೇಸಿಗೆಯ ಶನಿವಾರಕ್ಕೆ ನಾಲ್ಕು ಉಡುಪು: ಲಾಲ್‌ಬಾಗ್‌ನಿಂದ ರಂಗಶಂಕರದವರೆಗೆ

ಬೆಳಿಗ್ಗೆ ಆರು ಗಂಟೆಗೆ ಮನೆಯ ಕನ್ನಡಿಯ ಮುಂದೆ ಯಾವ ಬಟ್ಟೆಯಾದರೂ ಚೆನ್ನಾಗಿಯೇ ಕಾಣುತ್ತದೆ. ದಿನವಿಡೀ ಬಿಸಿಲಿನಲ್ಲಿ ಊರು ಸುತ್ತಿ, ಸಂಜೆ ಏಳೂಕಾಲಿಗೆ ರಂಗಶಂಕರ ನಾಟಕಮಂದಿರದ ಬಾಗಿಲಲ್ಲಿ ಹಳೆಯ ಪರಿಚಯದವರೊಬ್ಬರು ಎದುರಾದಾಗ ಅದೇ ಬಟ್ಟೆ ಹೇಗಿರುತ್ತದೆ ಎಂಬುದರ ಮೇಲೆ ನಾನು ಉಡುಪನ್ನು ಅಳೆಯುತ್ತೇನೆ. ಕಳೆದ ಏಪ್ರಿಲ್‌ನಲ್ಲಿ ನಾಲ್ಕು ಶನಿವಾರ ನಾಲ್ಕು ಬಗೆಯ ಉಡುಪನ್ನು ತೊಟ್ಟು, ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸುತ್ತಿದೆ. ನಮ್ಮ ಮನೆ ದಾಸರಹಳ್ಳಿಯ ಕಡೆ ಇರುವುದರಿಂದ ಮಧ್ಯಾಹ್ನ ಮನೆಗೆ ಬಂದು ಬಟ್ಟೆ ಬದಲಿಸುವ ಮಾತೇ ಇರಲಿಲ್ಲ. ಮೆಟ್ರೊದ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್‌ಗೆ ಬಂದು ಬಂಡೆಯ ಮೇಲಿನ ಕೆಂಪೇಗೌಡ ಗೋಪುರದವರೆಗೆ ಹತ್ತುವುದು, ಗಾಂಧಿ ಬಜಾರಿನಲ್ಲಿ ತಿಂಡಿ, ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಚಿಕ್ಕಪೇಟೆ, ಅಲ್ಲಿನ ಗಲ್ಲಿಗಳಲ್ಲಿ ಎರಡು ಗಂಟೆ, ಊಟವಾದ ಮೇಲೆ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಕೊನೆಗೆ ಜೆ.ಪಿ. ನಗರದಲ್ಲಿ ಏಳೂವರೆಯ ನಾಟಕ. ರಂಗಶಂಕರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಕೊನೆಯ ಅರ್ಧ ಗಂಟೆ ಓಟದಲ್ಲಿಯೇ ಕಳೆಯುತ್ತದೆ. ಆ ಓಟವೂ ಪರೀಕ್ಷೆಯ ಒಂದು ಭಾಗವೆಂದೇ ತಿಳಿಯಬೇಕು.

ಬೆಂಗಳೂರಿನ ಬೇಸಿಗೆಯ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ತಂಪು ಊರೆಂಬ ಹೆಗ್ಗಳಿಕೆಯನ್ನು ನಂಬಿ ಕೂರುವ ಕಾಲ ಅಂದಿಗೇ ಮುಗಿದಿತ್ತು. ಆದರೂ ಮಧ್ಯಾಹ್ನದ ಗಾಳಿ ಮಂಗಳೂರಿನಂತೆ ಜಿಗುಟಾಗಿರುವುದಿಲ್ಲ, ಒಣಗಿರುತ್ತದೆ. ಆದ್ದರಿಂದ ಬೆವರನ್ನು ಹೀರಿ ಗಾಳಿಗೆ ಬಿಟ್ಟುಕೊಡುವ ಬಟ್ಟೆ ಇಲ್ಲಿ ಮೈಯನ್ನು ನಿಜವಾಗಿಯೂ ತಂಪಾಗಿಡುತ್ತದೆ. ಇನ್ನು ಏಪ್ರಿಲ್‌ನ ಸಂಜೆ ಯಾವ ಸೂಚನೆಯೂ ಇಲ್ಲದೆ ಗುಡುಗಿ ಸುರಿಯುವ ಮಳೆಯನ್ನು ಲೆಕ್ಕಕ್ಕೆ ಹಿಡಿಯದವರು ಈ ಊರಿಗೆ ಹೊಸಬರಾಗಿರಬೇಕು.

ಮೊದಲ ಶನಿವಾರದ್ದು ರೇಯಾನ್ ಕುರ್ತಿ. ಬೆಲೆ 450 ರೂಪಾಯಿ, ಸಾಸಿವೆ ಬಣ್ಣ, ಇಳಿಬೀಳುವ ಅಂದ. ಬೆಳಗಿನ ಕನ್ನಡಿಯಲ್ಲಿ ನಾಲ್ಕರಲ್ಲಿ ಇದಕ್ಕೇ ಮೊದಲ ಸ್ಥಾನ. ಬಂಡೆ ಹತ್ತಿ ಇಳಿಯುವಷ್ಟರಲ್ಲಿ ಬೆನ್ನಿಗೆ ಅಂಟಿಕೊಂಡಿತು. ಚಿಕ್ಕಪೇಟೆ ತಲುಪುವ ಹೊತ್ತಿಗೆ ಕಂಕುಳಿನಿಂದ ನಡುವಿನವರೆಗೆ ಒದ್ದೆಯ ನಕಾಶೆ ಮೂಡಿತ್ತು. ರೇಯಾನ್ ನೀರನ್ನು ಚೆನ್ನಾಗಿಯೇ ಹೀರುತ್ತದೆ, ಆದರೆ ಹೀರಿದ ಮೇಲೆ ಭಾರವಾಗಿ ಜೋತು ಬೀಳುತ್ತದೆ. ಒದ್ದೆಯಾದಾಗ ಅದರ ನೂಲಿನ ಬಲವೂ ಕುಗ್ಗುತ್ತದೆ. ಚೀಲದ ಪಟ್ಟಿ ಉಜ್ಜಿದ ಭುಜದ ಹೊಲಿಗೆ ಅಂದೇ ಜಗ್ಗಿತು. ನೂಲು ಸುಟ್ಟು ನೋಡಿದರೆ ಹತ್ತಿಯೋ ಅಲ್ಲವೋ ತಿಳಿಯುತ್ತದೆ ಎನ್ನುವವರಿಗೆ ಇಲ್ಲೊಂದು ಎಚ್ಚರಿಕೆ: ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುವುದೇನೋ ನಿಜ, ಆದರೆ ರೇಯಾನ್ ಕೂಡ ಹತ್ತಿಯಂತೆಯೇ ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ. ಆ ಕುರ್ತಿ ಈಗ ಮನೆಯೊಳಗಿನ ಉಡುಪಾಗಿದೆ.

ಎರಡನೆಯ ವಾರ ಲಿನನ್ ಶರ್ಟು ಮತ್ತು ಸಡಿಲವಾದ ಲಿನನ್ ಪ್ಯಾಂಟು. ಲಿನನ್ ಅಗಸೆ ಗಿಡದ ಕಾಂಡದ ನಾರಿನಿಂದ ಬರುವಂಥದ್ದು. ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ ಬೀಜವೂ ಅದೇ ಗಿಡದ್ದು, ನಾರಿಗಾಗಿ ಬೆಳೆಯುವ ತಳಿ ಮಾತ್ರ ಬೇರೆ. ಶರ್ಟೊಂದಕ್ಕೇ 2,400 ರೂಪಾಯಿ ಕೊಟ್ಟಿದ್ದರಿಂದ ನನ್ನ ನಿರೀಕ್ಷೆಯೂ ದೊಡ್ಡದಾಗಿತ್ತು. ತಂಪಿನ ವಿಷಯದಲ್ಲಿ ಅದು ಮಾತು ಉಳಿಸಿಕೊಂಡಿತು. ಮೈಗೂ ಬಟ್ಟೆಗೂ ನಡುವೆ ಗಾಳಿ ಆಡುತ್ತಲೇ ಇತ್ತು. ಬೆವರಿನ ಕಲೆ ಮೂಡಿದರೂ ಮೆಟ್ರೊದಲ್ಲಿ ನಾಲ್ಕು ನಿಲ್ದಾಣ ದಾಟುವಷ್ಟರಲ್ಲಿ ಒಣಗುತ್ತಿತ್ತು. ಆದರೆ ಆ ನಾರಿಗೆ ಮಡಿಸಿದರೆ ಮರಳಿ ಚಾಚಿಕೊಳ್ಳುವ ಗುಣ ಕಡಿಮೆ. ಊಟಕ್ಕೆ ಕುಳಿತು ಎದ್ದಾಗ ಪ್ಯಾಂಟಿನ ಮೊಣಕಾಲ ಹಿಂದೆ ಬಿದ್ದ ಸುಕ್ಕು ನಾಟಕ ಮುಗಿಯುವವರೆಗೂ ಉಳಿಯಿತು. ಲಿನನ್ನಿನ ಸುಕ್ಕೇ ಅದರ ಸೊಗಸೆಂದು ಹೇಳುವವರಿದ್ದಾರೆ. ಶರ್ಟಿನ ಮಟ್ಟಿಗೆ ನಾನು ಅದನ್ನು ಒಪ್ಪುತ್ತೇನೆ, ತೋಳನ್ನು ಮೊಣಕೈವರೆಗೆ ಮಡಚಿಬಿಟ್ಟರೆ ಸುಕ್ಕು ಬೇಕೆಂದೇ ಬಿಟ್ಟಂತೆ ಕಾಣುತ್ತದೆ. ಪ್ಯಾಂಟಿನ ಮಟ್ಟಿಗೆ ಅದು ಸಮರ್ಥನೆಯಷ್ಟೇ. ಶರ್ಟಿಗೆ ಹತ್ತಿಯ ಪ್ಯಾಂಟನ್ನು ಜೋಡಿಸಿದ್ದರೆ ಹಣವೂ ಉಳಿಯುತ್ತಿತ್ತು.

ಆ ದಿನವೇ ಬಣ್ಣದ ಬಗ್ಗೆಯೂ ಒಂದು ಪಾಠವಾಯಿತು. ನನ್ನ ಶರ್ಟು ತಿಳಿ ಬೂದು ಬಣ್ಣದ್ದು, ಜೊತೆಗೆ ಬಂದಿದ್ದ ನಮ್ಮ ಮನೆಯವರದು ಬಿಳಿಯ ಖಾದಿ ಅರ್ಧ ತೋಳಿನ ಶರ್ಟು. ಇಬ್ಬರೂ ಸಮನಾಗಿಯೇ ಬೆವರಿದ್ದೆವು, ಆದರೆ ಕಲೆ ಎದ್ದು ಕಂಡದ್ದು ನನ್ನದರಲ್ಲಿ ಮಾತ್ರ. ಒದ್ದೆಯಾದಾಗ ಬಟ್ಟೆಯ ಬಣ್ಣ ಗಾಢವಾಗುತ್ತದೆ. ಬೂದು ಮತ್ತು ತಿಳಿನೀಲಿಯಲ್ಲಿ ಆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ, ಬಿಳಿಯಲ್ಲಿಯೂ ಕಡುನೀಲಿಯಲ್ಲಿಯೂ ಅಷ್ಟಾಗಿ ಕಾಣುವುದಿಲ್ಲ. ಕಪ್ಪು ಬಣ್ಣ ಒದ್ದೆಯನ್ನು ಮುಚ್ಚಿಟ್ಟರೂ ಒಣಗಿದ ಮೇಲೆ ಉಪ್ಪಿನ ಬಿಳಿ ಗೆರೆಯನ್ನು ತೋರಿಸಿಬಿಡುತ್ತದೆ.

ಮೂರನೆಯ ಶನಿವಾರಕ್ಕೆ ಕೈಮಗ್ಗದ ಹತ್ತಿ ಕುರ್ತಾ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿರುವ ಚರಕ ಮಹಿಳಾ ಸಹಕಾರ ಸಂಘ ನೈಸರ್ಗಿಕ ಬಣ್ಣದ ಬಟ್ಟೆಗಳನ್ನು ತಯಾರಿಸುತ್ತದೆ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ಬರುವ ಕಂದು ಕೆಂಪು ಅದರ ಗುರುತು. ಅಂಥದೇ ಚೊಗರಿನ ಬಣ್ಣದ, ಸಣ್ಣ ಗೆರೆಗಳಿರುವ ಕುರ್ತಾ ನನ್ನದು. ಬೆಲೆ 1,150 ರೂಪಾಯಿ, ವಯಸ್ಸು ಎರಡು ವರ್ಷ. ವಯಸ್ಸನ್ನು ಹೇಳಲು ಕಾರಣವಿದೆ: ಕೈಮಗ್ಗದ ಬಟ್ಟೆ ಹತ್ತಾರು ಒಗೆತಗಳ ಬಳಿಕವೇ ಮೈಗೆ ಒಗ್ಗುತ್ತದೆ, ಹೊಸದರಲ್ಲಿ ಅದರ ದೊರಗನ್ನು ಕಂಡು ಬದಿಗಿಟ್ಟವರು ಅದನ್ನು ತೊಟ್ಟೇ ಇಲ್ಲವೆಂದು ತಿಳಿಯಬಹುದು. ಬಂಡೆ ಹತ್ತುವಾಗ, ಚಿಕ್ಕಪೇಟೆಯಲ್ಲಿ ತಳ್ಳುಗಾಡಿಗಳ ನಡುವೆ ಪಕ್ಕಕ್ಕೆ ಸರಿಯುವಾಗ, ಆಟೋದಲ್ಲಿ ಕುಳಿತೇಳುವಾಗ ಉಡುಪಿನ ನೆನಪೇ ಬಾರದೆ ಹೋಯಿತು. ದಿನಪೂರ್ತಿ ತೊಡುವ ಬಟ್ಟೆಗೆ ಇದಕ್ಕಿಂತ ದೊಡ್ಡ ಪ್ರಶಂಸೆ ನನಗೆ ತಿಳಿಯದು. ಗೆರೆಗಳ ದೆಸೆಯಿಂದ ಬೆವರಿನ ಕಲೆಯೂ ಕಣ್ಣಿಗೆ ಬೀಳಲಿಲ್ಲ.

ಕುಂದು ಕಂಡದ್ದು ಸಂಜೆಯ ಮಳೆಯಲ್ಲಿ. ಕಲಾ ಸಂಗ್ರಹಾಲಯದಿಂದ ಹೊರಬಿದ್ದು ಆಟೋ ಹುಡುಕುವ ಹತ್ತು ನಿಮಿಷದಲ್ಲಿ ಭುಜದಿಂದ ಮೊಣಕಾಲವರೆಗೆ ನೆನೆದೆ. ತುಸು ದಪ್ಪ ನೇಯ್ಗೆಯ ಹತ್ತಿ ಒದ್ದೆಯಾದರೆ ಬೇಗ ಆರುವುದಿಲ್ಲ. ರಂಗಮಂದಿರದ ಹವಾನಿಯಂತ್ರಣದಲ್ಲಿ ಒಂದೂವರೆ ಗಂಟೆ ತಣ್ಣಗಿನ ಕುರ್ತಾದಲ್ಲಿ ನಡುಗುತ್ತ ಕುಳಿತೆ. ಹಿಂದಿನ ವಾರ ಇದೇ ಮಳೆ ಬಂದಿದ್ದರೆ ಲಿನನ್ ಅಷ್ಟರಲ್ಲಿ ಬಹುಪಾಲು ಆರುತ್ತಿತ್ತು. ಅಂದಿನಿಂದ ಚೀಲದಲ್ಲಿ ತೆಳುವಾದ ಮಲ್‌ಮಲ್ ದುಪ್ಪಟ್ಟಾ ಇಟ್ಟುಕೊಳ್ಳುತ್ತೇನೆ: ಬಿಸಿಲಿಗೆ ತಲೆಯ ಮೇಲೆ, ಒಳಗಿನ ಚಳಿಗೆ ಹೆಗಲ ಮೇಲೆ. ಅಂದು ಕಾಲಲ್ಲಿದ್ದ ಅಥಣಿಯ ಚರ್ಮದ ಚಪ್ಪಲಿ ನೆನೆದು ಉಬ್ಬಿ ಮೂರು ದಿನ ನೆರಳಿನಲ್ಲಿ ಒಣಗಬೇಕಾಯಿತು. ನೋಟಕ್ಕೆ ಅದಕ್ಕೆ ಸಾಟಿಯಿಲ್ಲ, ಆದರೆ ಮೋಡ ಕಂಡ ದಿನ ಅದನ್ನು ಮನೆಯಲ್ಲಿಯೇ ಬಿಡುವುದು ಲೇಸು.

ಕೊನೆಯ ವಾರ ಇಳಕಲ್ ಸೀರೆ. ಬೆಂಕಿಯಂಥ ಬಿಸಿಲಿನಲ್ಲಿ ಆರು ಗಜ ಸುತ್ತಿಕೊಂಡು ಯಾರಾದರೂ ಊರು ಸುತ್ತುತ್ತಾರೆಯೇ ಎಂದು ಗೆಳತಿಯರು ನಕ್ಕರು, ನನಗೂ ಒಳಗೊಳಗೆ ಅದೇ ಅನುಮಾನವಿತ್ತು. ಇಳಕಲ್ ಎಂದರೆ ಎಲ್ಲವೂ ಒಂದೇ ಅಲ್ಲ. ಮೈ ಹತ್ತಿಯದಾಗಿ ಸೆರಗು ಮಾತ್ರ ರೇಷ್ಮೆಯದಾಗಿರುವುದು ಒಂದು ಬಗೆ, ಮೈಯೂ ಆರ್ಟ್ ಸಿಲ್ಕಿನದಾಗಿ, ಅಂದರೆ ಕೃತಕ ರೇಷ್ಮೆಯದಾಗಿ ಮಿರುಗುವುದು ಇನ್ನೊಂದು; ಬೇಸಿಗೆಗೆ ಎರಡನೆಯದು ರೇಯಾನ್ ಕುರ್ತಿಯ ದೊಡ್ಡಕ್ಕ. ನಾನು ಉಟ್ಟದ್ದು 3,200 ರೂಪಾಯಿಯ ಮೊದಲನೆಯ ಬಗೆಯದು: ಕಡುನೀಲಿ ಹತ್ತಿಯ ಮೈ, ಕೆಂಪು ದಡಿ, ಬಿಳಿ ತೆನೆಗಳ ಕೆಂಪು ಸೆರಗು. ಮೈಯ ಹಾಸುನೂಲಿಗೂ ಸೆರಗಿನ ಹಾಸುನೂಲಿಗೂ ಕೊಂಡಿ ಹಾಕಿ ಕೂಡಿಸುವ ಈ ನೇಯ್ಗೆಯ ಕ್ರಮದಿಂದಲೇ ಒಂದೇ ಸೀರೆಯಲ್ಲಿ ಹತ್ತಿಯ ತಂಪು, ರೇಷ್ಮೆಯ ಹೊಳಪು ಎರಡೂ ದೊರೆಯುತ್ತವೆ. ಗುಳೇದಗುಡ್ಡದ ಖಣದ ಕುಪ್ಪಸವನ್ನು ಅದಕ್ಕೆ ಸಡಿಲವಾಗಿ, ಮೊಣಕೈ ತೋಳಿನದಾಗಿ ಹೊಲಿಸಿದ್ದೆ.

ಹಿಂದಿನ ದಿನ ಬಾಗಲಕೋಟೆಯ ಕಡೆಯವಳಾದ ನನ್ನ ಅವ್ವನಿಗೆ ಫೋನಿನಲ್ಲಿ ಈ ಸಾಹಸದ ಸುದ್ದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು: "ಗಂಜಿ ಹಾಕೀದಿ ಏನವಾ? ಗಂಜಿ ಇಲ್ಲದ ಸೀರಿ ಮೈಗೆ ಅಂಟತೈತಿ." ಗಂಜಿ ಹಾಕಿದರೆ ಸೆಕೆ ಹೆಚ್ಚುತ್ತದೆಂದು ನಾನು ಅಷ್ಟು ವರ್ಷ ತಿಳಿದಿದ್ದೆ. ಅನ್ನದ ತಿಳಿಗಂಜಿಯಲ್ಲಿ ಅದ್ದಿ ಒಣಗಿಸಿ ಉಟ್ಟಾಗ ಅವ್ವನ ಮಾತಿನ ಅರ್ಥವಾಯಿತು. ಗಂಜಿಯ ಬಿಗುವಿಗೆ ನಿರಿಗೆಗಳು ಕಾಲಿನಿಂದ ದೂರ ನಿಲ್ಲುತ್ತವೆ, ನಡೆದಂತೆಲ್ಲ ಒಳಗೆ ಗಾಳಿ ಹೊಕ್ಕು ಹೊರಡುತ್ತದೆ. ಕುರ್ತಾದ ದಿನ ಅಂಟಿಕೊಂಡಿದ್ದ ಮೊಣಕಾಲ ಹಿಂಭಾಗವೇ ಸೀರೆಯ ದಿನ ತಂಪಾಗಿತ್ತು. ಬೆವರಿದ್ದು ಕುಪ್ಪಸದೊಳಗೆ ಮಾತ್ರ. ಅದನ್ನು ಸೆರಗು ಮರೆಮಾಡಿತು.

ಹಾಗೆಂದು ಎಲ್ಲವೂ ಸುಗಮವಾಗಿರಲಿಲ್ಲ. ಲಾಲ್‌ಬಾಗ್ ಬಂಡೆಯ ಇಳಿಜಾರಿನಲ್ಲಿ ನಿರಿಗೆ ಎತ್ತಿ ಹಿಡಿದ ಕೈ ಬಿಡುವಂತಿರಲಿಲ್ಲ, ಚಿಕ್ಕಪೇಟೆ ನಿಲ್ದಾಣದ ಎಸ್ಕಲೇಟರಿನಲ್ಲಿ ಸೆರಗಿನ ತುದಿಯನ್ನು ಕಾಯುವುದೇ ಕೆಲಸವಾಯಿತು. ಗಲ್ಲಿಯ ಕೊಚ್ಚೆ ಅಂಚಿಗೆ ಮೆತ್ತಿತು, ದಡಿ ಕೆಂಪಾದ್ದರಿಂದ ಕಾಣಲಿಲ್ಲವಷ್ಟೆ. ಮಳೆ ಬಂದಿದ್ದರೆ ಗಂಜಿಯೆಲ್ಲ ಕರಗಿ ಸೀರೆ ಒದ್ದೆ ಗೋಣಿಯಂತಾಗುತ್ತಿತ್ತು. ಆ ಶನಿವಾರ ಮೋಡ ಕವಿದು ಹಾಗೆಯೇ ಚದುರಿಹೋದದ್ದು ನನ್ನ ಅದೃಷ್ಟ, ಪರೀಕ್ಷೆಯ ದೃಷ್ಟಿಯಿಂದ ಅರೆಕೊರೆ. ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಸಂಜೆ ಏಳೂಕಾಲಿಗೆ ರಂಗಶಂಕರದ ಬಾಗಿಲಲ್ಲಿ, ಮೂರು ವಾರಗಳಲ್ಲಿ ಯಾರೂ ನನ್ನ ಬಟ್ಟೆಯ ಸುದ್ದಿ ಎತ್ತಿರಲಿಲ್ಲ, ಅಂದು ಮೂವರು ಸೆರಗನ್ನು ಕೈಯಲ್ಲಿ ಹಿಡಿದು ನೋಡಿದರು. ಮಧ್ಯಾಹ್ನ ಬಿದ್ದ ಒಂದೆರಡು ಸುಕ್ಕು ನಿರಿಗೆಗಳಲ್ಲಿ ಎಲ್ಲಿ ಅಡಗಿದವೋ ಅವರಿಗೆ ಕಾಣಲಿಲ್ಲ.

ಹೀಗಾಗಿ ಬಂಡೆ ಹತ್ತುವ, ಗಲ್ಲಿ ಸುತ್ತುವ ಪೂರ್ಣ ದಿನಕ್ಕೆ ನನ್ನ ಕೈ ಈಗಲೂ ಚೊಗರಿನ ಕುರ್ತಾದ ಕಡೆಗೇ ಹೋಗುತ್ತದೆ. ಬೆಳಿಗ್ಗೆಯೇ ಮೋಡ ಕಟ್ಟಿದ್ದರೆ ಲಿನನ್ ಶರ್ಟು, ಹತ್ತಿಯ ಪ್ಯಾಂಟು. ತಿಂಡಿ, ಚಿತ್ರಪ್ರದರ್ಶನ, ನಾಟಕ ಎಂದು ಕುಳಿತು ನಿಲ್ಲುವ ಕೆಲಸವೇ ಹೆಚ್ಚಿರುವ ಶನಿವಾರವಾದರೆ ಇಳಕಲ್ಲನ್ನು ಬಿಟ್ಟು ಬೇರೆ ಯೋಚನೆಯಿಲ್ಲ. ಇದನ್ನು ಕೇಳಿ ಅವ್ವ ಮುಂದಿನ ಬೇಸಿಗೆಗೆಂದು ತನ್ನ ಟ್ರಂಕಿನಿಂದ ಹಸಿರು ಮೈಯ ಹಳೆಯ ಇಳಕಲ್ಲೊಂದನ್ನು ತೆಗೆದಿಟ್ಟಿದ್ದಾಳೆ. ಒಗೆದು ಒಗೆದು ಮೆತ್ತಗಾದದ್ದು, ಗಂಜಿ ಮಾತ್ರ ತುಸು ಗಟ್ಟಿಯಾಗಿ ಬೇಕಾದೀತಂತೆ.